ಮರ ಕೊಯ್ಯುವ ಕುದುರೆ: ಕೊಳ್ಳುವ ಮುನ್ನ ಅಲುಗಾಡಿಸಿ ನೋಡಿ



ಗೋಕುಳ ಶಿರಗಾಂವದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಕೆಲವು ಸದಸ್ಯರು ಈಗ ಮನೆಯಲ್ಲೇ ಸಣ್ಣಪುಟ್ಟ ಬಡಿಗತನ ಮಾಡುತ್ತಿದ್ದಾರೆ. ದೇವರ ಮಂಟಪ, ಕಪಾಟು, ಮೊಮ್ಮಕ್ಕಳಿಗೆ ಓದುವ ಮೇಜು, ಹೀಗೆ. ಕೈಗರಗಸದ ಜೊತೆಗೆ ಕರೆಂಟಿನ ಗರಗಸವೂ ಮನೆಗೆ ಬಂದಿದೆ. ಹಲಗೆಯನ್ನು ಮಾತ್ರ ಪ್ಲಾಸ್ಟಿಕ್ ಕುರ್ಚಿಯ ಮೇಲೋ ಮೆಟ್ಟಿಲಿನ ಅಂಚಿನ ಮೇಲೋ ಇಟ್ಟು ಕೊಯ್ಯುವುದನ್ನು ಕಾಣುತ್ತೇವೆ. ಬೆರಳಿಗೆ ಅಪಾಯ ಇರುವುದು ಇಲ್ಲಿಯೇ. ಅದಕ್ಕಾಗಿ ಈ ಸಲ ಮರ ಕೊಯ್ಯುವ ಕುದುರೆಯ ಬಗ್ಗೆ ನಾಲ್ಕು ಮಾತು.

ಮೇಲೊಂದು ಅಡ್ಡ ತೊಲೆ, ಕೆಳಗೆ ಅಗಲಿಸಿದ ನಾಲ್ಕು ಕಾಲು, ಇಷ್ಟೇ ಕುದುರೆ. ಅಂಗಡಿಯಲ್ಲಿ ಇದನ್ನು ‘ಸಾ ಹಾರ್ಸ್’ ಎಂದು ಕೇಳಬೇಕು. ಎರಡರ ಜೋಡಿಯಾಗಿ ಬಳಸುವ ವಸ್ತು ಇದು. ಹಿಂದೆ ನಮ್ಮ ಬಡಿಗೇರರು ನೆಲದ ಮೇಲೆ ಕುಳಿತು, ಹಲಗೆಯನ್ನು ಪಾದದಿಂದ ಒತ್ತಿ ಹಿಡಿದು ಕೊಯ್ಯುತ್ತಿದ್ದರು. ದೊಡ್ಡ ದಿಮ್ಮಿಯಾದರೆ ಎತ್ತರಕ್ಕೇರಿಸಿ, ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಗರಗಸ ಎಳೆಯುತ್ತಿದ್ದರು. ಎರಡರಲ್ಲೂ ಮರ ಅಲುಗದಂತೆ ನೋಡಿಕೊಳ್ಳುವುದೇ ಮುಖ್ಯವಾಗಿತ್ತು. ಮೊಣಕಾಲು ನೋಯುವ ವಯಸ್ಸಿನಲ್ಲಿ ನೆಲದ ಮೇಲೆ ಕೂರಲಾಗದ ನಮಗೆ ಕುದುರೆ ಮಾಡಿಕೊಡುವುದೂ ಅದೇ ಕೆಲಸವನ್ನು.

ಕೊಳ್ಳುವಾಗ ನೋಡಬೇಕಾದವು ಇವು.

ಮೊದಲನೆಯದು, ಅಲುಗಾಟ. ಪೆಟ್ಟಿಗೆಯ ಮೇಲೆ ಇಂತಿಷ್ಟು ಕೆಜಿ ತಡೆಯುತ್ತದೆ ಎಂದು ಬರೆದಿರುತ್ತಾರೆ. ಅದು ಒಂದು ಕುದುರೆಗೋ ಜೋಡಿಗೋ ಎಂದು ಕೇಳಿ. ಜೊತೆಗೆ, ಅದು ಸಮನಾಗಿ ಹರಡಿ ಇಟ್ಟ ಭಾರದ ಲೆಕ್ಕ. ಗರಗಸವಾದರೋ ಪಕ್ಕಕ್ಕೆ ತಳ್ಳುತ್ತದೆ, ಎಳೆಯುತ್ತದೆ. ಆದ್ದರಿಂದ ಅಂಗಡಿಯಲ್ಲೇ ಕುದುರೆಯನ್ನು ಬಿಚ್ಚಿ ನಿಲ್ಲಿಸಿ, ಎರಡೂ ಕೈಯಿಂದ ಮೇಲಿನ ತೊಲೆ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಅಲುಗಾಡಿಸಿ. ಕೀಲುಗಳಲ್ಲಿ ಸಡಿಲ ಕಂಡರೆ ಬೇಡ.

ಎರಡನೆಯದು, ಕಾಲುಗಳ ಅಗಲ. ಕಾಲುಗಳು ಸುಮಾರು 15 ಡಿಗ್ರಿಯಷ್ಟು ಹೊರಕ್ಕೆ ಚಾಚಿರಲಿ. ನೆಟ್ಟಗೆ ನಿಂತ ಕಾಲು ಬೇಗ ಮಗುಚುತ್ತದೆ. ಮಡಚುವ ಕುದುರೆಯಾದರೆ ಕಾಲು ತಾನಾಗಿ ಮಡಚದಂತೆ ತಡೆಯುವ ಪಟ್ಟಿ ಅಥವಾ ಲಾಕ್ ಇರಲೇಬೇಕು. ಪಾದಕ್ಕೆ ರಬ್ಬರ್ ಇದ್ದರೆ ಫರಸಿ ನೆಲದ ಮೇಲೆ ಜಾರುವುದಿಲ್ಲ.

ಮೂರನೆಯದು, ಎತ್ತರ. ಮೊಣಕಾಲಿನಿಂದ ಹಲಗೆ ಒತ್ತಿ ಕೈಗರಗಸದಿಂದ ಕೊಯ್ಯುವವರಿಗೆ ಸುಮಾರು 20 ಇಂಚು ಸಾಕು. ಕರೆಂಟಿನ ಗರಗಸಕ್ಕೂ ನಿಂತು ಜೋಡಿಸುವ ಕೆಲಸಕ್ಕೂ 30ರಿಂದ 32 ಇಂಚು ಬೇಕು. ಬೆನ್ನುನೋವಿನವರು ಇದನ್ನು ಮರೆಯಬಾರದು.

ನಾಲ್ಕನೆಯದು, ಯಾವುದರಿಂದ ಮಾಡಿದ್ದು ಎಂಬುದು. ಪ್ಲಾಸ್ಟಿಕ್ಕಿನದು ಹಗುರ, ಆದರೆ ವರ್ಷಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ಬಿರುಸಾಗಿ ಒಡೆಯುತ್ತದೆ. ಮರದ್ದು ಕೈಯಾರೆ ಮಾಡಿಕೊಳ್ಳಬಹುದು, ಆದರೆ ಹೆಚ್ಚಾಗಿ ಮಡಚಲು ಬರುವುದಿಲ್ಲ. ಕಬ್ಬಿಣದ್ದು ಗಟ್ಟಿ. ನಮ್ಮ ಸುತ್ತಮುತ್ತ ವೆಲ್ಡಿಂಗ್ ಮಾಡುವವರಿಗೆ ಕೊರತೆಯಿಲ್ಲ. 1 ಇಂಚಿನ ಚೌಕ ಪೈಪು, 2 ಮಿಮೀ ದಪ್ಪದ್ದು ತೆಗೆದುಕೊಂಡು ಮಾಡಿಸಿದರೆ ಒಂದು ಕುದುರೆ ಸುಮಾರು 8–9 ಕೆಜಿ ಆಗುತ್ತದೆ. ಒಬ್ಬರೇ ಎತ್ತಿ ಒಯ್ಯಬಹುದು. ಕೊಲ್ಹಾಪುರದ ಮಳೆಗೆ ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಹೊಡೆಸಿ. ಕಬ್ಬಿಣದ ತೊಲೆಯ ಮೇಲೆ ಮರದ ಪಟ್ಟಿಯೊಂದನ್ನು ಕೂರಿಸಲು ಮರೆಯಬೇಡಿ. ಗರಗಸ ತಗುಲಿದರೂ ಹಲ್ಲು ಹೋಗುವುದಿಲ್ಲ, ಪಟ್ಟಿ ಹಾಳಾದರೆ ಬದಲಿಸಬಹುದು. ಅದರ ಸ್ಕ್ರೂಗಳು ಮಾತ್ರ ಕೆಳಗಿನಿಂದ ಬರಲಿ.

ಕುದುರೆ ಎಷ್ಟೇ ಗಟ್ಟಿಯಿದ್ದರೂ ಕೊಯ್ಯುವ ರೀತಿ ತಪ್ಪಿದರೆ ಉಪಯೋಗವಿಲ್ಲ. ಎರಡು ಕುದುರೆಗಳ ನಡುವೆ ಹಲಗೆಯನ್ನು ಎಂದೂ ತುಂಡರಿಸಬೇಡಿ. ಕೊಯ್ಯುತ್ತ ಹೋದಂತೆ ಹಲಗೆ ನಡುವಿನಲ್ಲಿ ಕುಸಿದು, ಸೀಳಿನ ಮೇಲ್ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಕರೆಂಟಿನ ಗರಗಸವಾದರೆ ಜೋರಾಗಿ ನಮ್ಮ ಕಡೆಗೇ ಹಿಮ್ಮೆಟ್ಟಿ ನೆಗೆಯುತ್ತದೆ. ಹಲಗೆಯನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಕುದುರೆಯಿಂದ ಹೊರಗೆ ಚಾಚಿದ ತುದಿಯನ್ನು ಕೊಯ್ಯಿರಿ. ತುಂಡು ತಾನಾಗಿ ಕೆಳಗೆ ಬೀಳಲಿ.

8×4 ಅಡಿಯ ಪ್ಲೈವುಡ್ ಹಾಳೆಯ ಮಾತು ಬೇರೆ. 18 ಮಿಮೀ ದಪ್ಪದ್ದು ಸುಮಾರು 35 ಕೆಜಿ ತೂಗುತ್ತದೆ. ಎರಡೂ ಕುದುರೆಗಳ ಮೇಲೆ ಹಾಯುವಂತೆ ಮೂರು-ನಾಲ್ಕು ಉದ್ದ ರಿಪೀಸುಗಳನ್ನು ಹಾಸಿ, ಕೊಯ್ದ ಮೇಲೂ ಎರಡೂ ಭಾಗಕ್ಕೆ ಆಸರೆ ಉಳಿಯುವಂತೆ ಹಾಳೆಯನ್ನು ಮಲಗಿಸಿ. ಬ್ಲೇಡು ಹಾಳೆಯಿಂದ 3 ಮಿಮೀ ಮಾತ್ರ ಕೆಳಗಿಳಿಯುವಂತೆ ಹೊಂದಿಸಿ. ಹಾಳೆ ಎತ್ತಲು ಇನ್ನೊಬ್ಬರನ್ನು ಕರೆಯಲು ಸಂಕೋಚ ಬೇಡ.

ಅಂಗಳದ ಮಣ್ಣು ಏರುಪೇರಾಗಿದ್ದರೆ ಕಾಲಡಿಗೆ ಹಲಗೆಯ ಚೂರು ಕೊಟ್ಟು ಸಮ ಮಾಡಿಕೊಳ್ಳಿ. ಕುದುರೆಯ ಮೇಲೆ ಹತ್ತಿ ನಿಂತು ಸುಣ್ಣ-ಬಣ್ಣ ಹೊಡೆಯುವುದು ಮಾತ್ರ ಬೇಡವೇ ಬೇಡ.

ನವೆಂಬರ್ 1ರ ರಾಜ್ಯೋತ್ಸವದ ಸಿದ್ಧತೆಗೆಂದು ಸಂಘದಲ್ಲಿ ಎರಡು ಜೋಡಿ ಕಬ್ಬಿಣದ ಕುದುರೆ ಇಟ್ಟಿದ್ದೇವೆ. ಫಲಕಗಳ ಕೆಲಸಕ್ಕೂ, ಮೇಲೆ ಹಲಗೆ ಹಾಸಿದರೆ ಊಟ ಬಡಿಸುವ ಮೇಜಿಗೂ ಆಗುತ್ತವೆ. ಉಳಿದ ದಿನಗಳಲ್ಲಿ ಸದಸ್ಯರು ಮನೆಗೆ ಒಯ್ಯಬಹುದು. ರಿಜಿಸ್ಟರಿನಲ್ಲಿ ಹೆಸರು, ತಾರೀಖು ಬರೆದು ಸಹಿ ಮಾಡಿದರಾಯಿತು. ಹೊಸದು ಕೊಳ್ಳುವ ಮುನ್ನ ಇವನ್ನೊಮ್ಮೆ ಬಳಸಿ ನೋಡಿದರೆ ನಿಮಗೆ ಎಷ್ಟು ಎತ್ತರ, ಎಷ್ಟು ತೂಕ ಹೊಂದುತ್ತದೆ ಎಂಬುದೂ ತಿಳಿಯುತ್ತದೆ.