ಆಘಾತದ ಬಲವನ್ನು ತಗ್ಗಿಸುವ ಬಗೆ

ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಹೆದ್ದಾರಿಯು ಕಾತ್ರಜದ ಹೊಸ ಸುರಂಗವನ್ನು ದಾಟಿದ ಮೇಲೆ ನವಲೆ ಸೇತುವೆಯ ಕಡೆಗೆ ಇಳಿಜಾರಾಗಿ ಸಾಗುತ್ತದೆ. ರಜೆಗೆ ಕರ್ನಾಟಕಕ್ಕೆ ಹೋಗಿ ಪುಣೆಗೆ ಮರಳುವ ನಮ್ಮವರಿಗೆ ಇದು ಪರಿಚಿತವಾದ ದಾರಿ. 2022ರ ನವೆಂಬರ್ 20ರಂದು ಇಲ್ಲಿ ಹತೋಟಿ ತಪ್ಪಿದ ಭಾರೀ ವಾಹನವೊಂದು ಅನೇಕ ವಾಹನಗಳಿಗೆ ಬಡಿಯಿತು. ಢಿಕ್ಕಿಯಾಗದಂತೆ ನೋಡಿಕೊಳ್ಳುವುದೇ ಚಾಲಕನ ಮೊದಲ ಕರ್ತವ್ಯ. ಆದರೆ ಅದು ಅನಿವಾರ್ಯವೆಂದು ತೋರಿದ ಕ್ಷಣದಲ್ಲಿಯೂ ಅವನ ಕೈಯಲ್ಲಿ ಏನೂ ಉಳಿದಿಲ್ಲವೆಂದು ನಾವು ಭಾವಿಸಬಾರದು.

ಚಲಿಸುವ ವಸ್ತುವಿನ ಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುವುದು. ವೇಗವು ಅರ್ಧವಾದರೆ ಶಕ್ತಿಯು ಕಾಲು ಭಾಗಕ್ಕೆ ಇಳಿಯುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದಿಂದ, ಎಂದರೆ ಸೆಕೆಂಡಿಗೆ 20 ಮೀಟರಿನಂತೆ ಓಡುವ ಕಾರನ್ನು ತೆಗೆದುಕೊಳ್ಳೋಣ. ಒಣಗಿದ ಸಮತಟ್ಟಾದ ರಸ್ತೆಯಲ್ಲಿ ಬಲವಾಗಿ ಬ್ರೇಕು ಒತ್ತಿದರೆ ಅದು ನಿಲ್ಲಲು ಸುಮಾರು 25 ಮೀಟರ್ ಬೇಕು. ಅಡ್ಡಿಯು 19 ಮೀಟರಿನಷ್ಟು ದೂರದಲ್ಲಿಯೇ ಇದ್ದರೆ ಢಿಕ್ಕಿ ತಪ್ಪದು. ಆದರೆ ಬಡಿಯುವ ವೇಳೆಗೆ ವೇಗವು 36 ಕಿಲೋಮೀಟರಿಗೆ ಇಳಿದಿರುತ್ತದೆ. ಶಕ್ತಿಯ ಮುಕ್ಕಾಲು ಪಾಲು ಶಾಖವಾಗಿ ಕಳೆದಿರುತ್ತದೆ. ಆದುದರಿಂದ ಕೊನೆಯವರೆಗೂ ಬ್ರೇಕಿನಿಂದ ಕಾಲು ತೆಗೆಯಲಾಗದು. ಚಕ್ರಗಳು ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇದ್ದರೆ, ಬ್ರೇಕನ್ನು ಒತ್ತಿ ಹಿಡಿದಿರುವಾಗಲೇ ಸ್ಟಿಯರಿಂಗನ್ನೂ ತಿರುಗಿಸಬಹುದು.

ಇನ್ನು ಎರಡನೆಯ ತತ್ವ. ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಗಳನ್ನು ಹಿಂದಕ್ಕೆಳೆದುಕೊಳ್ಳುವುದೇಕೆ? ಚೆಂಡು ಹೆಚ್ಚು ದೂರದಲ್ಲಿ ನಿಂತಷ್ಟೂ ಕೈಗೆ ತಾಗುವ ಬಲವು ಕಡಿಮೆಯಾಗುವುದೆಂದೇ. ಕಾರಿಗೂ ಇದೇ ನಿಯಮ. ಆಯ್ಕೆಗೆ ಅವಕಾಶವಿದ್ದರೆ ಗೋಡೆ, ಮರಗಳಿಗಿಂತ ಪೊದೆ ಮೇಲು. ನೇರವಾದ ಹೊಡೆತಕ್ಕಿಂತ ಓರೆಯಾಗಿ ಉಜ್ಜಿಹೋಗುವುದು ಮೇಲು. ಜನರಿರುವ ಕಡೆಗೆ ಮಾತ್ರ ಎಂದಿಗೂ ತಿರುಗಿಸಕೂಡದು.

ಕಾರಿನ ಮೂತಿಯನ್ನು ನಜ್ಜುಗುಜ್ಜಾಗುವಂತೆ ರಚಿಸಿರುವುದೂ ಈ ಕಾರಣಕ್ಕಾಗಿಯೇ. ಅದು ಮುದುರಿಕೊಳ್ಳುವಷ್ಟು ದೂರವು ಒಳಗಿರುವವರಿಗೆ ದೊರೆಯುವ ಲಾಭ. ಆ ಲಾಭವನ್ನು ದೇಹಕ್ಕೆ ತಲುಪಿಸುವುದು ಸೀಟ್ ಬೆಲ್ಟು. ವೋಲ್ವೊ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟು 1959ರಲ್ಲಿ ಬಳಕೆಗೆ ಬಂದಿತು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬೆಲ್ಟು ಕಟ್ಟಿದವನ ದೇಹವು ಅರ್ಧ ಮೀಟರಿನಲ್ಲಿ ನಿಂತರೆ ಅವನ ತೂಕದ ಸುಮಾರು 10 ಮಡಿ ಬಲವನ್ನು ತಾಳಬೇಕಾಗುತ್ತದೆ. ಕಟ್ಟದವನು ಮುನ್ನುಗ್ಗಿ 5 ಸೆಂಟಿಮೀಟರಿನಲ್ಲಿ ನಿಂತರೆ ಆ ಬಲವು ಸುಮಾರು 100 ಮಡಿ!

ಇಂತಹ ಲೆಕ್ಕಗಳನ್ನು ಪರೀಕ್ಷಿಸುವ ಸಂಸ್ಥೆ ನಮ್ಮ ಪುಣೆಯಲ್ಲಿಯೇ ಇದೆ. ಅದು 1966ರಲ್ಲಿ ಸ್ಥಾಪಿತವಾದ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್. 2023ರಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಾನವಾಕಾರದ ಬೊಂಬೆಗಳನ್ನು ಕೂರಿಸಿದ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೆ ಹಾಯಿಸುತ್ತಾರೆ.

ಮುಂದಿನ ಆಸನದವರಿಗೆ ಮಾತ್ರ ಬೆಲ್ಟು ಸಾಕೆಂಬ ಎಣಿಕೆ ತಪ್ಪು. ಹಿಂದೆ ಕುಳಿತವನು ಬೆಲ್ಟು ಕಟ್ಟದಿದ್ದರೆ, ಢಿಕ್ಕಿಯಾದಾಗ ಮುಂದೆ ಕುಳಿತವರ ಮೇಲೆಯೇ ಎರಗುತ್ತಾನೆ. ಆ ಮುಂದಿನವರು ನಮ್ಮ ತಂದೆತಾಯಿಗಳೇ ಆಗಿರಬಹುದು. ಬ್ರೇಕು ಒತ್ತುವುದು ಚಾಲಕನ ಕೆಲಸ. ಬೆಲ್ಟು ಕಟ್ಟಿಕೊಳ್ಳುವುದು ವಿದ್ಯಾರ್ಥಿಗಳಾದ ನಮ್ಮೆಲ್ಲರ ಕೆಲಸ.