ಕೊಂಡಿಯಿಲ್ಲದ ಘಟಕ ಮತ್ತು ಔಷಧದ ಬೆಲೆ

ಡಿಎನ್‌ಎ ಎಂದೊಡನೆ ಎಲ್ಲರ ಕಣ್ಣಮುಂದೆ ಬಂದು ನಿಲ್ಲುವುದು ತಿರುಚಿದ ಏಣಿಯ ಚಿತ್ರ. 1953ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ ಪುಟ್ಟ ಪ್ರಬಂಧ, ಅದಕ್ಕೆ ಆಧಾರವಾದ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್‌ರೇ ಅಧ್ಯಯನ, ಇವೆಲ್ಲ ಸಾಕಷ್ಟು ಪ್ರಚಾರ ಪಡೆದ ಸಂಗತಿಗಳೇ. ಆದರೆ ಅರ್ಥಶಾಸ್ತ್ರ ಓದಿ ಸರ್ಕಾರಿ ನೌಕರಿಯಲ್ಲಿ ಆಯುಷ್ಯ ಕಳೆದ ನನ್ನಂಥವನ ಕುತೂಹಲ ಕೆರಳಿಸುವುದು ಏಣಿಯಲ್ಲ, ಅದನ್ನು ಕಟ್ಟುವ ಬಿಡಿ ಘಟಕಗಳು. ಅಂಥ ಒಂದು ಘಟಕದಲ್ಲಿ ಮಾಡಿದ ತೀರ ಸಣ್ಣ ಮಾರ್ಪಾಟು ಮುಂದೆ ಲಕ್ಷಾಂತರ ಜನರ ಅಳಿವು ಉಳಿವಿನ ಪ್ರಶ್ನೆಯಾಯಿತು. ಪೇಟೆಂಟ್ ಕಾಯಿದೆಯ ಪ್ರಶ್ನೆಯೂ ಆಯಿತು.

ನ್ಯೂಕ್ಲಿಯೊಟೈಡ್ ಎಂಬ ಈ ಘಟಕದಲ್ಲಿ ಮೂರು ಅಂಗಗಳಿವೆ: ಒಂದು ಸಕ್ಕರೆ, ಒಂದು ಫಾಸ್ಫೇಟ್, ಒಂದು ಪ್ರತ್ಯಾಮ್ಲ. ಪ್ರತ್ಯಾಮ್ಲಗಳು ನಾಲ್ಕು ಬಗೆ. ಅಡೆನಿನ್ ಥೈಮಿನ್ನಿನೊಡನೆ, ಗ್ವಾನಿನ್ ಸೈಟೊಸಿನ್ನಿನೊಡನೆ ಜೋಡಿಯಾಗುತ್ತದೆ. ಹೀಗಾಗಿ ಏಣಿಯನ್ನು ಉದ್ದಕ್ಕೆ ಸೀಳಿದರೆ ಒಂದೊಂದು ಎಳೆಯೂ ಇನ್ನೊಂದನ್ನು ಮತ್ತೆ ಬರೆಯಲು ಸಾಲುವಷ್ಟು ಮಾಹಿತಿ ಹೊತ್ತಿರುತ್ತದೆ. ಪ್ರತಿ ಹೊಸ ಏಣಿಯಲ್ಲೂ ಒಂದು ಎಳೆ ಹಳೆಯದು, ಒಂದು ಹೊಸದು ಎಂಬುದನ್ನು ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು.

ಮಾನವ ಜೀನೋಮಿನಲ್ಲಿರುವುದು ಸುಮಾರು 300 ಕೋಟಿ ಜೋಡಿಗಳು. ನಕಲು ಮಾಡುವ ಕಿಣ್ವ ಮೊದಲ ಬರಹದಲ್ಲಿ ಸುಮಾರು ಲಕ್ಷಕ್ಕೊಂದು ತಪ್ಪು ಮಾಡುತ್ತದೆ. ಕೂಡಲೇ ತಾನೇ ಹಿಂದಿರುಗಿ ಓದಿ ತಿದ್ದುತ್ತದೆ. ಆಮೇಲೆ ಬೇರೊಂದು ತಂಡ ಪರಿಶೀಲಿಸುತ್ತದೆ. ಕೊನೆಗೆ ಉಳಿಯುವುದು ಸುಮಾರು 100 ಕೋಟಿಗೆ ಒಂದು ತಪ್ಪು. ‘ಅಸಲಿನೊಡನೆ ತಾಳೆ ನೋಡಲಾಗಿದೆ’ ಎಂಬ ಮೊಹರನ್ನು ತಾಳೆ ನೋಡದೆಯೇ ಒತ್ತುವ ನಕಲು ಶಾಖೆಗಳನ್ನು ಕಂಡವನಿಗೆ ಇದು ಅಸೂಯೆ ಹುಟ್ಟಿಸುವ ದಕ್ಷತೆ.

ಇನ್ನು ಆ ಸಣ್ಣ ಮಾರ್ಪಾಟಿನ ವಿಚಾರ. ಪ್ರತಿ ಘಟಕದ ಸಕ್ಕರೆಯ ಮೂರನೆಯ ಇಂಗಾಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಅಂಟಿಕೊಂಡಿದೆ. ಒಂದು ಆಮ್ಲಜನಕ, ಒಂದು ಜಲಜನಕ, ಅಷ್ಟೆ. ಅದನ್ನು ಕೊಂಡಿ ಎನ್ನೋಣ. ಮುಂದೆ ಬರುವ ಘಟಕದ ಫಾಸ್ಫೇಟ್ ಈ ಕೊಂಡಿಗೇ ಬೆಸೆದುಕೊಳ್ಳಬೇಕು. ಕೊಂಡಿಯಿಲ್ಲದ ಘಟಕವೊಂದು ಸಾಲಿನೊಳಗೆ ನುಸುಳಿತೆಂದರೆ ಎಳೆ ಅಲ್ಲಿಗೇ ನಿಲ್ಲುತ್ತದೆ. 1977ರಲ್ಲಿ ಫ್ರೆಡರಿಕ್ ಸ್ಯಾಂಗರ್ ಡಿಎನ್‌ಎಯನ್ನು ಓದುವ ವಿಧಾನವನ್ನು ರೂಪಿಸಿದ್ದು ಇದೇ ಉಪಾಯದಿಂದ.

ಆದರೆ ಅದಕ್ಕೂ ಮೊದಲೇ, 1964ರಲ್ಲಿ, ಅಮೆರಿಕದ ಡೆಟ್ರಾಯಿಟ್‌ನಲ್ಲಿ ಜೆರೋಮ್ ಹಾರ್ವಿಟ್ಸ್ ಎಂಬ ರಸಾಯನ ವಿಜ್ಞಾನಿ ಸರ್ಕಾರದ ಅನುದಾನದಲ್ಲಿ ಅಂಥದೊಂದು ಹುಸಿ ಘಟಕವನ್ನು ತಯಾರಿಸಿದ್ದರು. ಥೈಮಿನ್ ಹೊತ್ತ ಘಟಕದ ಕೊಂಡಿಯ ಜಾಗದಲ್ಲಿ ಮೂರು ಸಾರಜನಕಗಳ ಗುಂಪೊಂದನ್ನು ಕೂರಿಸಿದ್ದರು. ಕ್ಯಾನ್ಸರ್ ಕೋಶ ಮೋಸಹೋಗಿ ಅದನ್ನು ನುಂಗೀತೆಂಬುದು ಆಸೆ. ಇಲಿಗಳ ಮೇಲಿನ ಪ್ರಯೋಗ ವಿಫಲವಾಯಿತು. ಹಾರ್ವಿಟ್ಸ್ ಪೇಟೆಂಟ್ ಪಡೆಯುವ ಗೋಜಿಗೂ ಹೋಗಲಿಲ್ಲ.

ಎರಡು ದಶಕಗಳ ನಂತರ ಏಡ್ಸ್ ಬಂತು. ಎಚ್‌ಐವಿಯ ಸಂದೇಶವಿರುವುದು ಆರ್‌ಎನ್‌ಎಯಲ್ಲಿ. ನಮ್ಮ ಕೋಶದೊಳಗೆ ಹೊಕ್ಕ ಮೇಲೆ ಅದನ್ನು ಡಿಎನ್‌ಎಯಾಗಿ ನಕಲು ಮಾಡಿಕೊಳ್ಳುತ್ತದೆ. ಈ ವೈರಸ್ಸಿನ ಕಿಣ್ವಕ್ಕೆ ತಿದ್ದಿ ಓದುವ ಅಭ್ಯಾಸವಿಲ್ಲ. ನಮ್ಮ ಕೋಶಕೇಂದ್ರದ ಕಿಣ್ವಗಳಿಗಿಂತ ಬಹು ಸುಲಭವಾಗಿ ಅದು ಹುಸಿ ಘಟಕವನ್ನು ಒಪ್ಪಿಕೊಳ್ಳುತ್ತದೆ. ಹಾರ್ವಿಟ್ಸ್ ಅವರ ಮರೆತ ವಸ್ತು 1987ರಲ್ಲಿ ಎಜೆಡ್‌ಟಿ ಎಂಬ ಹೆಸರಿನಲ್ಲಿ ಎಚ್‌ಐವಿಗೆ ಅನುಮೋದನೆ ಪಡೆದ ಮೊದಲ ಔಷಧವಾಯಿತು. ಪೇಟೆಂಟ್ ಬರೋಸ್ ವೆಲ್‌ಕಮ್ ಕಂಪನಿಯ ಪಾಲಾಯಿತು. ಬೆಲೆ ವರ್ಷಕ್ಕೆ ಸುಮಾರು 10,000 ಡಾಲರ್! ಮೊದಲ ಸಂಶೋಧನೆಯ ವೆಚ್ಚ ಹೊತ್ತ ಸಾರ್ವಜನಿಕರೇ ಫಲವನ್ನು ಏಕಸ್ವಾಮ್ಯದ ದರದಲ್ಲಿ ಕೊಳ್ಳಬೇಕಾಗಿ ಬಂದದ್ದನ್ನು ಯಾವ ಅರ್ಥಶಾಸ್ತ್ರ ಸಮರ್ಥಿಸುತ್ತದೆ?

ಒಂದೇ ಔಷಧಕ್ಕೆ ವೈರಸ್ ಬೇಗ ಒಗ್ಗಿಕೊಂಡಿತು. ತಪ್ಪು ತಪ್ಪಾಗಿ ನಕಲು ಮಾಡುವವನಿಗೆ ವೇಷ ಬದಲಿಸುವುದು ಸುಲಭ. ಹೀಗಾಗಿ 1996ರ ಹೊತ್ತಿಗೆ ಮೂರು ಔಷಧಗಳ ಸಂಯೋಜನೆ ರೂಢಿಗೆ ಬಂತು. ಅದರ ಬೆಲೆಯೂ ವರ್ಷಕ್ಕೆ 10,000 ಡಾಲರ್ ದಾಟಿತ್ತು. ಆ ದರವನ್ನು ರೋಗಿಗಳ ಸಂಖ್ಯೆಯಿಂದ ಗುಣಿಸಿ ನೋಡುವ ಯಾವ ಬಡ ದೇಶದ ಹಣಕಾಸು ಕಾರ್ಯದರ್ಶಿಯೂ ಕಡತವನ್ನು ಮಡಿಸಿಡುವುದೇ ಸಹಜ.

2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿ ಅದೇ ಬಗೆಯ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ‘ಮೆಡಿಸಾ ಸಾ ಫ್ರಾಂಟಿಯೇರ್’ ಸಂಸ್ಥೆಗೆ ಕೊಡುವುದಾಗಿ ಘೋಷಿಸಿತು. ಅದರಲ್ಲಿದ್ದ ಸ್ಟ್ಯಾವುಡಿನ್ ಮತ್ತು ಲ್ಯಾಮಿವುಡಿನ್ ಎರಡೂ ಕೊಂಡಿಯಿಲ್ಲದ ಘಟಕಗಳೇ. ಇದು ಪವಾಡವಲ್ಲ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಜಾಡಿನಲ್ಲಿ ಬಂದ 1970ರ ಪೇಟೆಂಟ್ ಕಾಯಿದೆ ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ನೀಡುತ್ತಿತ್ತು, ಔಷಧಕ್ಕಲ್ಲ. ನಮ್ಮ ರಸಾಯನ ವಿಜ್ಞಾನಿಗಳು ಅದೇ ಅಣುವನ್ನು ಬೇರೆ ದಾರಿಯಲ್ಲಿ ಕಟ್ಟಿದರು. 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಹಾಗೂ ದೆಹಲಿಯಲ್ಲಿ ಸರ್ಕಾರದ ಉಚಿತ ಚಿಕಿತ್ಸೆ ಆರಂಭವಾಗಲು ಸಾಧ್ಯವಾದದ್ದು ಬೆಲೆ ಹೀಗೆ ಕುಸಿದಿದ್ದರಿಂದಲೇ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಅಗ್ಗವಾದುದೆಲ್ಲ ನಿರಪಾಯಕಾರಿಯಾಗಿರಲಿಲ್ಲ. ಸ್ಟ್ಯಾವುಡಿನ್ ನಮ್ಮದೇ ಮೈಟೊಕಾಂಡ್ರಿಯಾದ ನಕಲು ಕಿಣ್ವವನ್ನೂ ವಂಚಿಸುತ್ತಿತ್ತು. ಪಾದಗಳು ಜೋಮುಗಟ್ಟಿದವು, ಕೆನ್ನೆಗಳು ಬತ್ತಿದವು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕ್ರಮೇಣ ಕೈಬಿಡುವಂತೆ ಸೂಚಿಸಿತು. ಉತ್ತಮ ಔಷಧ ಬೇಕಾದಾಗಲೆಲ್ಲ ಬೆಲೆಯ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ಅಷ್ಟರಲ್ಲಿ, 2005ರ ಜನವರಿ 1ರಿಂದ, ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದಕ್ಕೆ ಬದ್ಧವಾಗಿ ಭಾರತವೂ ಔಷಧಕ್ಕೇ ಪೇಟೆಂಟ್ ನೀಡತೊಡಗಿತ್ತು. ಅಂದಿನಿಂದ ಹೊಸ ಅಣುಗಳನ್ನು ಇಲ್ಲಿ ಅಗ್ಗವಾಗಿ ತಯಾರಿಸಲು ಬಹುಮಟ್ಟಿಗೆ ಪೇಟೆಂಟ್‌ದಾರರ ಪರವಾನಗಿ ಬೇಕು. ಡೊಲುಟೆಗ್ರಾವಿರ್‌ಗೆ ಅದು 2014ರಲ್ಲಿ ಸಿಕ್ಕಿತು; ಸಿಕ್ಕಿದ್ದು ಒಳ್ಳೆಯದೇ. ಆದರೆ ಕಾಯಿದೆಯಿಂದ ಬಂದ ಹಕ್ಕನ್ನೂ ಕಂಪನಿಯ ಔದಾರ್ಯದಿಂದ ಬಂದ ಅನುಮತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿಲ್ಲ.

ಇಂದು ಬಹುಪಾಲು ಎಚ್‌ಐವಿ ರೋಗಿಗಳಿಗೆ ಸಿಗುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ದಿನಕ್ಕೊಂದು ಮಾತ್ರೆ. 2023ರಲ್ಲಿ ಗ್ಲೋಬಲ್ ಫಂಡ್ ಅದನ್ನು ವರ್ಷಕ್ಕೆ 45 ಡಾಲರಿಗೂ ಕಡಿಮೆ ದರದಲ್ಲಿ ಖರೀದಿಸುವ ಒಪ್ಪಂದ ಮಾಡಿಕೊಂಡಿತು. ಆ ಮಾತ್ರೆಯಲ್ಲಿರುವ ಮೊದಲ ಎರಡು ಔಷಧಗಳು ಇಂದಿಗೂ ಕೊಂಡಿಯಿಲ್ಲದ ಘಟಕಗಳೇ.