ಒಂದು ವಾರದ ಗೌಂಡಿಗಳು

ತೊಗರಿಯ ರಾಶಿ ಮುಗಿದು ಹೊಲಗಳು ಬರಿದಾದ ಮೇಲೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎಷ್ಟೋ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಲು ಹೋಗುವವರಲ್ಲಿ ಬಹಳ ಮಂದಿಗೆ ದೊರೆಯುವ ಉದ್ಯೋಗವೆಂದರೆ ಕಟ್ಟಡದ ಕೆಲಸ. ಊರಿನಲ್ಲಿ ತಗಡಿನ ಸೂರನ್ನೋ ಬಿರುಕುಬಿಟ್ಟ ಮಣ್ಣಿನ ಮಾಳಿಗೆಯನ್ನೋ ಬಿಟ್ಟುಹೋದ ಇವರೇ ಪರರ ಬಹುಮಹಡಿ ಸೌಧಗಳಿಗೆ ಕಲ್ಲು, ಮರಳು, ಸಿಮೆಂಟು ಹೊರುವವರು. ಇದಕ್ಕೆ ನೇರ ವಿರುದ್ಧ ದಿಕ್ಕಿನ ಯಾತ್ರೆಯೊಂದು ಲೋಕದಲ್ಲಿ ಉಂಟು. ಸಿರಿವಂತ ದೇಶಗಳ ಚರ್ಚುಗಳಿಂದ ಶಿಕ್ಷಕರು, ಗುಮಾಸ್ತರು, ವಿದ್ಯಾರ್ಥಿಗಳು, ನಿವೃತ್ತರು, ಕರಣಿಯನ್ನು ಎಂದೂ ಹಿಡಿದು ನೋಡದವರು, ಪ್ರಯಾಣದ ವೆಚ್ಚವನ್ನು ತಾವೇ ಹೊತ್ತು, ವಾರವೋ ಹತ್ತು ದಿನವೋ ಬಡನಾಡಿನ ಹಳ್ಳಿಯೊಂದಕ್ಕೆ ಬಂದು, ಗುರುತು ಪರಿಚಯವಿಲ್ಲದ ಕುಟುಂಬಕ್ಕೆ ಮನೆ ಕಟ್ಟಿ ಹಿಂದಿರುಗುತ್ತಾರೆ. ಕ್ರೈಸ್ತ ಜಗತ್ತಿನಲ್ಲಿ ಈಗ ಬೇರೂರಿ ನಿಂತಿರುವ ಈ ಅಲ್ಪಾವಧಿಯ ಸೇವಾಯಾತ್ರೆಯ ಹುಟ್ಟನ್ನೂ ನಡೆಯನ್ನೂ ನ್ಯೂನತೆಯನ್ನೂ ನಮ್ಮ ಈ ಮೂರು ತಾಲೂಕುಗಳ ನೆಲದ ಮೇಲೆ ನಿಂತು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜಾರ್ಜಿಯಾದ ಒಂದು ಹೊಲ

ಇಂತಹ ಯಾತ್ರೆಗಳನ್ನು ಏರ್ಪಡಿಸುವ ಸಂಸ್ಥೆಗಳಲ್ಲಿ ಜಗದ್ವಿಖ್ಯಾತವಾದುದು ‘ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ’. ಅದರ ಬೇರು ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಸಣ್ಣ ಪಟ್ಟಣದ ಬಳಿಯ ‘ಕೊಯಿನೋನಿಯಾ’ ಎಂಬ ಹೊಲದಲ್ಲಿದೆ. ಬೈಬಲಿನ ಗ್ರೀಕ್ ಮೂಲದಲ್ಲಿ ಪಂಡಿತನೂ ವೃತ್ತಿಯಿಂದ ಒಕ್ಕಲಿಗನೂ ಆಗಿದ್ದ ಕ್ಲಾರೆನ್ಸ್ ಜೋರ್ಡನ್ 1942ರಲ್ಲಿ ಆರಂಭಿಸಿದ ಈ ಸಮುದಾಯದಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ದುಡಿದು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಪಂಕ್ತಿಭೇದದ ಕಷ್ಟ ಬಲ್ಲ ನಮ್ಮವರಿಗೆ ಅದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ: 1950ರ ದಶಕದಲ್ಲಿ ಸುತ್ತಲಿನವರು ಆ ಹೊಲದ ಮೇಲೆ ಬಹಿಷ್ಕಾರ ಹೂಡಿದರು, ಗುಂಡು ಹಾರಿಸಿದರು. ಇಪ್ಪತ್ತೊಂಬತ್ತನೆಯ ವಯಸ್ಸಿಗೇ ಲಕ್ಷಾಧೀಶ್ವರನಾಗಿ, ಸಂಸಾರ ಒಡೆಯುವ ಹಂತಕ್ಕೆ ಬಂದಾಗ ಎಚ್ಚೆತ್ತು, 1965ರಲ್ಲಿ ಸರ್ವಸ್ವವನ್ನೂ ದಾನಮಾಡಿ ಪತ್ನಿ ಲಿಂಡಾಳೊಡನೆ ಅಲ್ಲಿಗೆ ಬಂದ ವಕೀಲ ಮಿಲರ್ಡ್ ಫುಲ್ಲರ್‌ನಿಗೆ ಜೋರ್ಡನ್ ಗುರುವಾದನು. ಇಬ್ಬರೂ ಕೂಡಿ ಚಿಂತಿಸಿದ ಯೋಜನೆಯ ಮೊದಲ ಮನೆ ಸಿದ್ಧವಾಗುವ ಹೊತ್ತಿಗೆ, 1969ರ ಅಕ್ಟೋಬರಿನಲ್ಲಿ, ಜೋರ್ಡನ್ ತೀರಿಕೊಂಡನು. ಫುಲ್ಲರ್ ಅದೇ ಪದ್ಧತಿಯನ್ನು ಆಫ್ರಿಕದ ಜಾಯಿರ್ ದೇಶದಲ್ಲಿ ಮೂರು ವರ್ಷ ಪರೀಕ್ಷಿಸಿ, ಹಿಂದಿರುಗಿ 1976ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದನು. ಭಾರತದಲ್ಲಿ ಅದು ಕಾಲಿಟ್ಟುದು 1983ರಲ್ಲಿ, ಆಗಿನ ಆಂಧ್ರಪ್ರದೇಶದ ಖಮ್ಮಮಿನಲ್ಲಿ.

ಯೋಜನೆಯ ತಿರುಳು ಮೂರು ನಿಯಮಗಳಲ್ಲಿ ಅಡಗಿದೆ. ಮನೆಯನ್ನು ಲಾಭವಿಲ್ಲದೆ ಕೊಡತಕ್ಕದ್ದು. ಬಡವನಿಂದ ಬಡ್ಡಿ ಕೀಳಬಾರದೆಂಬ ವಿಮೋಚನಾಕಾಂಡದ ಕಟ್ಟಳೆಯಂತೆ ಸಾಲಕ್ಕೆ ಬಡ್ಡಿ ಹಾಕಬಾರದು. ಕುಟುಂಬದವರು ತಮ್ಮ ಮನೆಗೂ ನೆರೆಯವರ ಮನೆಗೂ ನೂರಾರು ಗಂಟೆಗಳ ಮೈದುಡಿಮೆಯನ್ನು ಪಾಲಾಗಿ ಸಲ್ಲಿಸಬೇಕು. ಕಂತಿನ ರೂಪದಲ್ಲಿ ಮರಳಿದ ಹಣ ಒಂದು ಸಾಮಾನ್ಯ ನಿಧಿಗೆ ಸೇರಿ, ಅಲ್ಲಿಂದ ಮುಂದಿನ ಮನೆ ಏಳುತ್ತದೆ. ದೇಶಕಾಲಗಳಿಗೆ ತಕ್ಕಂತೆ ಈ ನಿಯಮಗಳು ಮುಂದೆ ಸಡಿಲಗೊಂಡುದುಂಟು. ಆದರೂ ಮನೆ ಪಡೆದವನು ಭಿಕ್ಷುಕನಾಗಬಾರದು, ಪಾಲುಗಾರನಾಗಬೇಕೆಂಬ ಮೂಲಸಂಕಲ್ಪವೇ ಇದನ್ನು ಸಾಮಾನ್ಯ ದಾನಕಾರ್ಯದಿಂದ ಬೇರ್ಪಡಿಸುತ್ತದೆ. ಮನೆ ಕೊಡುವಾಗ ಮತವನ್ನು ಕೇಳಬಾರದೆಂಬುದೂ ಸಂಸ್ಥೆಯ ಕಟ್ಟಳೆ.

ಇದರ ಕೀರ್ತಿಯನ್ನು ಮನೆಮನೆಗೆ ಮುಟ್ಟಿಸಿದವರು ಅಮೆರಿಕಸ್ ಪಟ್ಟಣದ ನೆರೆಯೂರಾದ ಪ್ಲೇನ್ಸಿನ ಮಾಜಿ ರಾಷ್ಟ್ರಾಧ್ಯಕ್ಷ ಜಿಮ್ಮಿ ಕಾರ್ಟರ್. 1984ರಲ್ಲಿ ನ್ಯೂಯಾರ್ಕಿನ ಪಾಳುಬಿದ್ದ ವಠಾರವೊಂದರ ದುರಸ್ತಿಗೆ ಪತ್ನಿಯೊಡನೆ ಕೈಹಚ್ಚಿದ ಅವರು, ಮುಂದೆ ಮೂರು ದಶಕಗಳಿಗೂ ಮಿಗಿಲಾಗಿ ವರ್ಷಕ್ಕೆ ಒಂದು ವಾರವನ್ನು ಈ ಕಾರ್ಯಕ್ಕೆ ಮುಡಿಪಾಗಿಟ್ಟರು. 2006ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ, ಅವರು ಮಹಾರಾಷ್ಟ್ರದ ಲೋನಾವಳದ ಬಳಿಯ ಮಳವಲಿಗೆ ಬಂದು, ಸುಮಾರು ಎರಡು ಸಾವಿರ ಸ್ವಯಂಸೇವಕರೊಡನೆ ನೂರು ಮನೆಗಳ ಕೆಲಸದಲ್ಲಿ ಭಾಗಿಯಾದರು. ಕಾರ್ಟರರ ತಾಯಿ ಲಿಲಿಯನ್ ಅರುವತ್ತರ ದಶಕದಲ್ಲಿ ಮುಂಬಯಿಯ ವಿಕ್ರೋಲಿಯಲ್ಲಿ ದಾದಿಯಾಗಿ ಸೇವೆ ಸಲ್ಲಿಸಿದ್ದರೆಂಬುದನ್ನು ನೆನೆದರೆ, ಆ ಮನೆತನಕ್ಕೆ ಈ ನಾಡಿನ ನಂಟು ಹೊಸದಲ್ಲವೆಂದು ತಿಳಿಯುತ್ತದೆ.

ಕೆಲಸದ ಅಂಗಳದಲ್ಲಿ

ಇಂತಹ ತಂಡದ ದಿನ ಬೆಳಗಿನ ಪ್ರಾರ್ಥನೆಯಿಂದ ತೊಡಗುತ್ತದೆ. ಗೌಂಡಿ ಮೂಲೆಯಿಂದ ಮೂಲೆಗೆ ದಾರ ಎಳೆದು ಕಟ್ಟುತ್ತಾನೆ. ಅತಿಥಿಗಳು ಸಾಲಾಗಿ ನಿಂತು ಗಾರೆಯ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಹುಮ್ಮಸ್ಸಿನವರು ಒಂದಿಬ್ಬರು ಕರಣಿ ಹಿಡಿಯುತ್ತಾರೆ. ನಾಲ್ಕು ವರಸೆ ಏರುವಷ್ಟರಲ್ಲಿ ಅವರ ಗೋಡೆ ಹೊಟ್ಟೆ ಬಿಡತೊಡಗುತ್ತದೆ. ಗೌಂಡಿ ಮಾತಿಲ್ಲದೆ ತೂಗುಗುಂಡನ್ನು ಇಳಿಬಿಟ್ಟು, ದಾರಕ್ಕೂ ಇಟ್ಟಿಗೆಗೂ ನಡುವೆ ಬಿಟ್ಟ ಬೆರಳಗಲದ ಸಂದನ್ನು ತೋರಿಸಿ, ಮೇಲಿನ ಎರಡು ವರಸೆಗಳನ್ನು ಕಿತ್ತು, ಹಸಿ ಗಾರೆಯನ್ನು ಕೆರೆದು ತೆಗೆದು, ಮತ್ತೆ ಹೂಡುತ್ತಾನೆ. ಸಂಜೆಯಾಗುವಾಗ ಅತಿಥಿಯ ಅಂಗೈಯಲ್ಲಿ ಬೊಕ್ಕೆ ಎದ್ದಿರುತ್ತದೆ, ಗೋಡೆಯೂ ನೆಟ್ಟಗಾಗಿರುತ್ತದೆ. ಎರಡಕ್ಕೂ ಕಾರಣಕರ್ತನು ಗೌಂಡಿಯೇ.

ಮನೆಯೆಂಬುದು ವಾರದಲ್ಲಿ ಮುಗಿಯುವ ಕೆಲಸವೂ ಅಲ್ಲ. ಬುನಾದಿ ಅತಿಥಿಗಳು ಬರುವ ಮುನ್ನವೇ ಬಿದ್ದಿರಬೇಕು. ಸಿಮೆಂಟಿನ ಗೋಡೆಗೆ ಅವರು ಹೋದ ಮೇಲೂ ದಿನಗಟ್ಟಲೆ ನೀರುಣಿಸಬೇಕು. ಮೇಲ್ಛಾವಣಿಯ ಸ್ಲ್ಯಾಬು ಹಾಕುವುದಾದರೆ ಅದರ ಕೆಳಗಿನ ಆಸರೆಯ ಹಲಗೆ, ಕಂಬಗಳನ್ನು ವಾರಕ್ಕೂ ಮಿಗಿಲಾಗಿ ಕದಲಿಸುವಂತಿಲ್ಲ. ಬಿಸಿಲು ಏರುವ ಮೊದಲು ಕೊಡ ಹೊತ್ತು ಗೋಡೆಗೆ ನೀರು ಎರಚುವವಳು ಮನೆಯೊಡತಿ. ಅಲ್ಪಾವಧಿಯ ಯಾತ್ರಿಕರು ಮನೆಯ ಆದಿಯನ್ನೂ ಅಂತ್ಯವನ್ನೂ ಕಾಣದೆ ನಡುಭಾಗವನ್ನು ಮಾತ್ರ ಮುಟ್ಟಿ ಹೋಗುತ್ತಾರೆಂಬುದು ಈ ಪದ್ಧತಿಯನ್ನು ಅರಿಯಲು ಮೊದಲು ಗ್ರಹಿಸಬೇಕಾದ ಸಂಗತಿ.

ನಮ್ಮ ನೆಲದ ಕಟ್ಟಳೆ

ಆಳಂದದ ಗಡಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ, ಅಲ್ಲಿಂದಾಚೆ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳುಹಿ ಜನ ಮಲಗಿದ್ದ ವೇಳೆ, ಅಲ್ಲಿ ಭೂಮಿ ನಡುಗಿ ಸಾವಿರಾರು ಜೀವಗಳನ್ನು ಬಲಿತೆಗೆದುಕೊಂಡಿತು. ಕೊಂದದ್ದು ಕಂಪನಕ್ಕಿಂತ ಹೆಚ್ಚಾಗಿ ಮನೆಯೇ. ಆ ಸೀಮೆಯಲ್ಲಿಯೂ ನಮ್ಮಲ್ಲಿಯೂ ಬೇಸಿಗೆಯ ಧಗೆಯನ್ನು ತಡೆಯಲು ಕಲ್ಲು ಮಣ್ಣುಗಳ ದಪ್ಪ ಗೋಡೆ ಎಬ್ಬಿಸಿ, ಜಂತಿಗಳ ಮೇಲೆ ಮಣ್ಣು ಹೇರಿ ಮಾಳಿಗೆ ಹಾಕುವುದು ವಾಡಿಕೆ. ಗೋಡೆಯ ಒಳಮೈ ಹೊರಮೈಗಳನ್ನು ಬೆಸೆಯುವ ಅಡ್ಡಗಲ್ಲು ಇಲ್ಲದಿದ್ದಲ್ಲಿ ನೆಲ ಅಲುಗಿದ ಕೂಡಲೆ ಎರಡು ಮೈಗಳೂ ಬೇರ್ಪಟ್ಟು, ಟನ್ನುಗಟ್ಟಲೆ ಮಣ್ಣು ಮಲಗಿದವರ ಮೇಲೆ ಕುಸಿಯುತ್ತದೆ. ಸರಕಾರ, ಪತ್ರಿಕೆಗಳು, ಉದ್ಯಮಗಳು, ನಾನಾ ಮತಗಳ ಸೇವಾಸಂಸ್ಥೆಗಳು ಊರುಗಳನ್ನೇ ಹೊಸದಾಗಿ ಕಟ್ಟಿದರೂ, ಪಟ್ಟಣದ ಬಡಾವಣೆಯಂತೆ ಚೌಕಚೌಕವಾಗಿ ಹಾಕಿದ ಎಷ್ಟೋ ಊರುಗಳಲ್ಲಿ ಎತ್ತಿನ ಗೋದಲಿಗೂ ಕಾಳಿನ ಸಂಗ್ರಹಕ್ಕೂ ನೆರೆಯವರು ಕೂಡುವ ಕಟ್ಟೆಗೂ ಎಡೆಯಿರಲಿಲ್ಲ.

ಇದೇ ಭೂಕಂಪದ ಸೀಮೆಯಲ್ಲಿ ಬಾಣೇಗಾಂವ್ ಎಂಬ ಹಳ್ಳಿಯನ್ನು ಮಲಯಾಳ ಮನೋರಮಾ ಪತ್ರಿಕೆಗಾಗಿ ರೂಪಿಸಿದ ಲಾರಿ ಬೇಕರ್ ಕೂಡ ಒಂದು ಕಾಲಕ್ಕೆ ಕ್ರೈಸ್ತ ಮಿಶನ್ನಿನ ಅತಿಥಿಯೇ. ಬರ್ಮಿಂಗ್‌ಹ್ಯಾಮಿನ ಈ ಕ್ವೇಕರ್ ವಾಸ್ತುಶಿಲ್ಪಿ 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳನ್ನು ಕಟ್ಟಲು ಭಾರತಕ್ಕೆ ಬಂದು, ಹಿಮಾಲಯದ ಪಿಥೋರಾಗಢದಲ್ಲಿ ಹಳ್ಳಿಗರ ಕಲ್ಲುಗೆಲಸವನ್ನು ಕಂಡು ತಾನು ಓದಿದ್ದೆಲ್ಲ ಅಲ್ಪವೆಂದರಿತು, ಅವರಿಂದಲೇ ಮತ್ತೆ ಕಲಿತು, 2007ರಲ್ಲಿ ತಿರುವನಂತಪುರದಲ್ಲಿ ಕಣ್ಮುಚ್ಚುವವರೆಗೆ ಈ ದೇಶದಲ್ಲಿಯೇ ನೆಲಸಿದರು. ವಾರದ ಅತಿಥಿಯ ಕೊರತೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡವಿಲ್ಲ.

ಆಳಂದಕ್ಕೆ ಕಂಪನದ ನೆನಪಾದರೆ ಅಫಜಲಪುರ, ಜೇವರ್ಗಿಗಳಿಗೆ ಭೀಮಾ ನದಿಯ ನೆನಪು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಮಳೆ ನೆರೆಗಳೂ, 2020ರ ಅಕ್ಟೋಬರಿನಲ್ಲಿ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಸೊನ್ನದ ಬ್ಯಾರೇಜನ್ನು ದಾಟಿ ಹಳ್ಳಿಗಳಿಗೆ ನುಗ್ಗಿದುದೂ ಮಣ್ಣಿನ ಗೋಡೆಗಳನ್ನು ಕರಗಿಸಿದುವು. 2009ರ ತರುವಾಯ ಸರಕಾರ ‘ಆಸರೆ’ ಎಂಬ ಹೆಸರಿನಲ್ಲಿ ದಾನಿಗಳ ನೆರವು ಕೋರಿ ಎತ್ತರದ ಜಾಗಗಳಲ್ಲಿ ಹೊಸ ಊರು ಕಟ್ಟಿಸಿತು. ಹಳ್ಳಿಯ ಮಾತಿನಲ್ಲಿ ಜನತಾ ಮನೆ, ಆಶ್ರಯ ಮನೆಗಳೆಂದು ಪೀಳಿಗೆಯಿಂದ ಪೀಳಿಗೆಗೆ ಬೆಳೆದ ಸರಕಾರಿ ವಸತಿಯ ವಂಶಾವಳಿಗೆ ಇದೂ ಒಂದು ಕೊಂಡಿ.

ಇನ್ನು ಈ ಸೀಮೆಯ ಮನೆಗಳ ಅಡಿಯಲ್ಲಿ ಎರೆಮಣ್ಣಿದೆ. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಕೈ ತೂರುವಷ್ಟು ಬಿರಿಯುವ ಈ ಕಪ್ಪು ನೆಲದ ಮೇಲೆ ಬುನಾದಿ ಹಗುರವಾದರೆ ಎರಡನೆಯ ವರ್ಷಕ್ಕೇ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಗಟ್ಟಿ ನೆಲ ಸಿಕ್ಕುವವರೆಗೆ ಅಗೆದು, ಎರೆಯನ್ನು ಹೊರಗೆ ಚೆಲ್ಲಿ, ಗರಸು ತುಂಬಿ, ನೀರು ಹೊಡೆದು, ದಮ್ಮಸ್ಸು ಮಾಡಿ, ಅದರ ಮೇಲೆ ಶಹಾಬಾದಿನ ಕಲ್ಲನ್ನು ಹೂಡಬೇಕೆಂಬುದು ಇಲ್ಲಿನ ಗೌಂಡಿಗೆ ತಂದೆಯಿಂದ ಬಂದ ವಿದ್ಯೆ; ಬೇರೆ ನೆಲದ ನಕ್ಷೆಯನ್ನು ಹಿಡಿದು ಬಂದವನಿಗೆ ಇದು ತಿಳಿದಿರುವ ಸಂಭವ ಕಡಿಮೆ.

ಆಕ್ಷೇಪಗಳು

ಈ ಯಾತ್ರೆಗಳನ್ನು ಕುರಿತು ಕ್ರೈಸ್ತರೊಳಗಿನಿಂದಲೇ ಎದ್ದ ಆಕ್ಷೇಪ ಗಂಭೀರವಾದುದು. 1998ರ ಮಿಚ್ ಚಂಡಮಾರುತದಿಂದ ಹಾಳಾದ ಮಧ್ಯ ಅಮೆರಿಕದ ಹೊಂಡುರಾಸಿನಲ್ಲಿ ವಿದೇಶೀ ತಂಡಗಳು ಕಟ್ಟಿದ ಮನೆಗಳನ್ನೂ ಸ್ಥಳೀಯರೇ ಕಟ್ಟಿಕೊಂಡವನ್ನೂ ಹೋಲಿಸಿ ನೋಡಿದ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್, ಮನೆ ಯಾರು ಕಟ್ಟಿದರೆಂಬುದರಿಂದ ಆ ಕುಟುಂಬಗಳ ಬಾಳಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗಲಿಲ್ಲವೆಂದು ಕಂಡರು. ಸುಮಾರು ಎರಡು ಸಾವಿರ ಡಾಲರಿನ ಮನೆಯೊಂದನ್ನು ಕಟ್ಟಲು ತಂಡವೊಂದು ಪ್ರಯಾಣವೂ ಸೇರಿ ಮೂವತ್ತು ಸಾವಿರ ಡಾಲರಿನಷ್ಟು ವ್ಯಯಿಸುತ್ತಿತ್ತು. ನಮ್ಮ ಲೆಕ್ಕಕ್ಕೆ ತಂದರೂ ಚಿತ್ರ ಬದಲಾಗದು: ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಹಳ್ಳಿಮನೆಗೆ ಗೊತ್ತುಮಾಡಿದ ಸಹಾಯಧನ 1.20 ಲಕ್ಷ ರೂಪಾಯಿ. ಅಮೆರಿಕದಿಂದ ಒಬ್ಬನು ಹೋಗಿಬರುವ ವಿಮಾನದ ದರವೇ ಅದರ ಆಸುಪಾಸಿಗೆ ಬರುತ್ತದೆ.

ಎರಡನೆಯ ಆಕ್ಷೇಪ, ಮನೆ ಮತಾಂತರದ ಆಮಿಷವಾದೀತೆಂಬುದು. ಈ ಶಂಕೆಗೆ ಉತ್ತರ ವ್ಯವಹಾರದ ಪಾರದರ್ಶಕತೆಯಲ್ಲಿದೆ. ಫಲಾನುಭವಿಗಳನ್ನು ಗ್ರಾಮಸಭೆಯೆದುರು ಆರಿಸಿ, ಎಲ್ಲ ಜಾತಿಮತಗಳವರಿಗೂ ಒಂದೇ ಕರಾರು ಬರೆದು, ಕೊಟ್ಟ ಹಣ ದಾನವಲ್ಲ ಸಾಲವೆಂದು ನಿಚ್ಚಳಪಡಿಸಿದಲ್ಲಿ ಶಂಕೆಗೆ ನೆಲೆಯಿರದು. ದತ್ತಾತ್ರೇಯನ ಗಾಣಗಾಪುರಕ್ಕೂ ಆಳಂದದ ಲಾಡ್ಲೆ ಮಶಾಕರ ದರ್ಗಾಕ್ಕೂ ಒಂದೇ ಭಕ್ತಿಯಿಂದ ನಡೆದುಕೊಳ್ಳುವವರ ಸೀಮೆಯಲ್ಲಿ ಕೊಟ್ಟವನ ಮತಕ್ಕಿಂತ ಕೊಟ್ಟ ರೀತಿಯನ್ನು ಜನ ಹೆಚ್ಚು ಪರೀಕ್ಷಿಸುತ್ತಾರೆ.

ಹಾಗಾದರೆ ಈ ಯಾತ್ರೆ ವ್ಯರ್ಥವೇ? ಅಲ್ಲವೆಂದೇ ತೋರುತ್ತದೆ, ಆದರೆ ಅದರ ಬೆಲೆಯನ್ನು ಅತಿಥಿ ಹೊತ್ತ ಇಟ್ಟಿಗೆಯ ಲೆಕ್ಕದಲ್ಲಿ ಹುಡುಕಬಾರದು. ಕಟ್ಟಡದ ಕೆಲಸ ಬಲ್ಲವರನ್ನು ಮಹಾನಗರಗಳಿಗೆ ಕಳುಹಿಸುವ ಈ ತಾಲೂಕುಗಳಲ್ಲಿ ಕೈಗಳಿಗೆ ಬರವಿಲ್ಲ. ಬರವಿರುವುದು ಬಡ್ಡಿಯಿಲ್ಲದ ಮೂಲಧನಕ್ಕೆ, ಹೆಣ್ಣುಮಗಳ ಹೆಸರಿನಲ್ಲಿ ನೋಂದಾದ ನಿವೇಶನಕ್ಕೆ, ಊರಿನಲ್ಲಿಯೇ ದೊರೆಯುವ ಕೂಲಿಗೆ. ಜೋರ್ಡನ್, ಫುಲ್ಲರ್‌ರ ಮೊದಲ ಮೂರು ನಿಯಮಗಳಲ್ಲಿ ಇದಕ್ಕೆ ಬೇಕಾದ ಬೀಜವಿದೆ. ಅವುಗಳ ಜೊತೆಗೆ ಇನ್ನೆರಡನ್ನು ಇಲ್ಲಿಯವರು ಸೇರಿಸಬಹುದು: ನಕ್ಷೆಯನ್ನು ಊರಿನ ಗೌಂಡಿ ಒಪ್ಪದೆ ಬುನಾದಿ ತೋಡಬಾರದು, ಅತಿಥಿಗಳು ಬಂದರೆಂದು ಗೌಂಡಿಯ ಒಂದು ದಿನದ ಕೂಲಿಯೂ ತಪ್ಪಬಾರದು. ಈ ಕರಾರಿನ ಮೇಲೆ ಬಂದವನು ಯಾವ ದೇಶದವನಾದರೂ ಸರಿಯೆ, ಒಂದು ವಾರ ಗೌಂಡಿಯ ಶಿಷ್ಯನಾಗಿ ದುಡಿದು, ತಾನು ಕಂಡುದನ್ನು ತನ್ನ ಊರಿನ ಉಳ್ಳವರಿಗೆ ತಿಳಿಸಿ, ನಿಧಿಗೆ ಹಣ ಕೂಡಿಸಲಿ. ಮೊದಲನೆಯ ಮನೆಯ ಕಂತುಗಳಿಂದ ಎರಡನೆಯ ಮನೆಯ ಬುನಾದಿ ಬಿದ್ದಿತೆಂದರೆ, ಮುಂದಿನ ವರ್ಷ ಅತಿಥಿಗಳು ಬಂದರೂ ಸರಿ, ಬಾರದಿದ್ದರೂ ಸರಿ, ಕೆಲಸ ನಿಲ್ಲಲಾರದು.